ದೇವರ ಗೂಡಿನ ಡಬ್ಬಿ

ನನ್ನ ಅತ್ತೆ ಬಸವಲಿಂಗಮ್ಮನವರನ್ನು ಹೊಗಳಲು ನಾನು ಕೂತಿಲ್ಲ. ಮದುವೆಯಾಗಿ ಬಂದ ಮೊದಲ ವಾರದಲ್ಲೇ ನಾನು ಮಾಡಿದ ಸಾರನ್ನು ನಾಲಿಗೆಗೆ ಹಚ್ಚಿಕೊಂಡು, ಕೈ ತೊಳೆದ ನೀರು ಬಂತು, ಸಾರು ಯಾವಾಗ ಬರುತ್ತೆ ಎಂದು ನೆಂಟರ ಮುಂದೆ ಕೇಳಿದ ಹೆಂಗಸು ಅವರು. ಅಂದಿನಿಂದ ಒಂದೇ ಅಡುಗೆಮನೆಯಲ್ಲಿ ನಾವಿಬ್ಬರೂ ಮಾಡಿರುವ ಜಗಳಕ್ಕೆ ಲೆಕ್ಕವಿಲ್ಲ. ಆದರೂ ಅವರಿಗೆ ಆದದ್ದನ್ನು ನೆನೆಸಿಕೊಂಡರೆ ಈಗಲೂ ನನ್ನ ಹೊಟ್ಟೆ ಉರಿಯುತ್ತದೆ. ಯಾರಾದರೂ ಅದನ್ನು ಹೇಳಬೇಕು. ನನ್ನ ಗಂಡ ಹೇಳುವುದಿಲ್ಲ, ಅವರ ಕಚೇರಿಯಂತೂ ಹೇಳುವುದೇ ಇಲ್ಲ. ಆ ದಿನ ಎಲ್ಲವೂ ಸುಸೂತ್ರವಾಗಿ ನಡೆಯಿತು ಎಂದು ಅವರು ಮೇಲಿನವರಿಗೆ ತಿಳಿಸಿ ಕೈ ತೊಳೆದುಕೊಂಡಿದ್ದಾರೆ.

ಅತ್ತೆ ಹುಟ್ಟಿದ್ದು ಕುಣಿಗಲ್ ಕಡೆ, ಸೇರಿದ್ದು ಗುಬ್ಬಿಗೆ. ಮಾವ ಷಡಕ್ಷರಿಯವರು ಗುಬ್ಬಿ ಪೇಟೆಯಲ್ಲಿ ಹಿಟ್ಟಿನ ಗಿರಣಿ ಇಟ್ಟಿದ್ದರು. ಇಟ್ಟವರು ಮಾವ, ನಡೆಸಿದವರು ಅತ್ತೆ. ಮಾವನದು ಮೆದು ಜೀವ. ಗಿರಾಕಿ ಬಂದರೆ ಬೆಂಚಿನ ಮೇಲೆ ಕೂರಿಸಿಕೊಂಡು ಮನೆಯ ಕಷ್ಟಸುಖ ವಿಚಾರಿಸುತ್ತಾ ರಾಗಿ ಬೀಸುವುದನ್ನೇ ಮರೆತುಬಿಡುವವರು. ಅತ್ತೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮೋಟಾರಿಗೆ ಬೆಲ್ಟ್ ಏರಿಸಿ, ಒಬ್ಬೊಬ್ಬರ ಚೀಲವನ್ನೂ ತಾವೇ ಎತ್ತಿ ಸುರಿದು ಬೀಸಿ ಕಳಿಸುವವರು. ಸಂಜೆಗೆ ಅವರ ಹುಬ್ಬು, ರೆಪ್ಪೆ ಎಲ್ಲ ಬೆಳ್ಳಗಾಗಿರುತ್ತಿತ್ತಂತೆ. ಗಿರಣಿಯ ಸದ್ದಿಗೆ ಕಿವಿ ಮಂದವಾಯಿತು, ಗಂಟಲು ದೊಡ್ಡದಾಯಿತು. ಆ ಗಂಟಲಿನಲ್ಲೇ ಅವರು ಮಗನನ್ನು ಓದಿಸಿದರು, ಮೈದುನರ ಮದುವೆ ಮಾಡಿದರು, ಕೊನೆಗೆ ಗಿರಣಿಯನ್ನು ಮಾರಿ ನಮ್ಮ ಜೊತೆ ತುಮಕೂರಿನ ಉಪ್ಪಾರಹಳ್ಳಿಗೆ ಬಂದರು.

ದಿನಕ್ಕೆ ಒಂದು ಹೊತ್ತು ಮಾತ್ರ ಆ ಗಂಟಲು ಸುಮ್ಮನಿರುತ್ತಿತ್ತು. ಬೆಳಗಿನ ಲಿಂಗಪೂಜೆಯ ಹೊತ್ತು. ಗಂಡ ಹೆಂಡತಿ ಎದುರುಬದುರು ಮಣೆ ಹಾಕಿಕೊಂಡು, ಕೊರಳಿನ ಕರಡಿಗೆ ತೆರೆದು, ಅವರವರ ಲಿಂಗವನ್ನು ಅವರವರ ಎಡ ಅಂಗೈ ಮೇಲಿಟ್ಟುಕೊಂಡು ಕೂರುತ್ತಿದ್ದರು. ಅದು ಮುಗಿಯುವವರೆಗೆ ಒಂದು ಗುಟುಕು ನೀರೂ ಇಲ್ಲ. ನನ್ನಂಥವರು ಲಿಂಗವನ್ನು ದೇವರ ಮನೆಯ ಗೂಡಿನಲ್ಲಿಟ್ಟು ಹಬ್ಬಕ್ಕೊಮ್ಮೆ ಹಾಕಿಕೊಳ್ಳುತ್ತೇವೆ. ಅವರಿಗೆ ಹಾಗಲ್ಲ. ಗುರು ಕಟ್ಟಿದ ಲಿಂಗ ಉಸಿರಿರುವ ತನಕ ಮೈಮೇಲೆ ಇರಬೇಕು, ಉಸಿರು ಹೋದ ಮೇಲೆ ಕೂರಿಸಿ ಮಣ್ಣು ಮಾಡುವಾಗಲೂ ಅಂಗೈಯಲ್ಲಿ ಅದೇ ಇರಬೇಕು. ಒಬ್ಬರ ಲಿಂಗ ಒಬ್ಬರಿಗೆ ಬಾರದು. ಮಾವನಿಗೆ ಮಾತಾಡುವಾಗಲೂ ಬೆಳ್ಳಿಯ ಕರಡಿಗೆಯ ಮೇಲೆ ಒಂದು ಕೈ ಇಟ್ಟುಕೊಂಡಿರುವ ಅಭ್ಯಾಸವಿತ್ತು.

ನನ್ನ ಗಂಡ ಉದಯಕುಮಾರ್ ತುಮಕೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ವಿಪತ್ತು ನಿರ್ವಹಣೆಯ ಕೆಲಸ ನೋಡಿಕೊಳ್ಳುವ ಗುಮಾಸ್ತರು. ಯಾವ ಕಚೇರಿ ಎಂದು ಹೇಳುವುದಿಲ್ಲ, ನಮ್ಮ ಮನೆಯ ಅಕ್ಕಿ ಅಲ್ಲಿಂದಲೇ ಬರುವುದು. ಮೊದಲೆಲ್ಲ ಅವರ ಮೇಜಿಗೆ ಬರುತ್ತಿದ್ದದ್ದು ಬರ, ಸಿಡಿಲು, ಕೆರೆ ಕೋಡಿ. ಆಮೇಲೆ ಒಂದು ದಿನ, ಭಯೋತ್ಪಾದಕರು ದಾಳಿ ಮಾಡಿದರೆ ಯಾರು ಏನು ಮಾಡಬೇಕು ಎಂದು ಊರಿಗೊಂದು ತುರ್ತು ಯೋಜನೆ ಮಾಡಿ ಎಂದು ಮೇಲಿನಿಂದ ಆದೇಶ ಬಂತು. ಅವರ ಸಾಹೇಬರು ಬೇರೆ ಯಾವುದೋ ಜಿಲ್ಲೆಯ ಯೋಜನೆಯನ್ನು ತರಿಸಿ, ಊರಿನ ಹೆಸರು ಬದಲಾಯಿಸಿ ಕೊಡ್ರೀ ಎಂದರಂತೆ. ಇವರು ಮನೆಗೆ ತಂದು ಓದುತ್ತಿದ್ದರು. ಅದರಲ್ಲಿ ಮೀನುಗಾರರ ದೋಣಿ ತಪಾಸಣೆ, ಕಡಲತೀರದ ಗಸ್ತು ಎಂದೆಲ್ಲ ಇತ್ತು. ನಮ್ಮೂರಿನ ಸಮುದ್ರ ಯಾವುದು, ಅಮಾನಿಕೆರೆಯಾ ಎಂದು ನಾನು ಕೇಳಿದೆ. ಇವರು ನಗಲಿಲ್ಲ.

ನಗದಿದ್ದದ್ದಕ್ಕೆ ಕಾರಣ, ಅವರು ಆ ಕೆಲಸವನ್ನು ಮನಸ್ಸಿಗೆ ಹಚ್ಚಿಕೊಂಡಿದ್ದರು. ಸಮುದ್ರವನ್ನು ಹೊಡೆದುಹಾಕಿ ಬಸ್ ನಿಲ್ದಾಣ ಬರೆದರು. ಭಾನುವಾರ ಸ್ಕೂಟರ್ ಹತ್ತಿ ಆಸ್ಪತ್ರೆ, ಸಂತೆ, ಸತ್ಯಮಂಗಲದ ಕಾರ್ಖಾನೆಗಳನ್ನೆಲ್ಲ ಸುತ್ತಿ, ಎಲ್ಲಿ ಬಾಗಿಲು, ಎಲ್ಲಿ ಮೆಟ್ಟಿಲು ಎಂದು ನೋಡಿಕೊಂಡು ಬಂದರು. ಕೆಟ್ಟ ಮನುಷ್ಯರಲ್ಲ ನನ್ನ ಗಂಡ. ಸಾಹೇಬರ ಮುಂದೆ ಬಾಯಿ ಬರುವುದಿಲ್ಲ, ಅಷ್ಟೇ. ಆ ಅಷ್ಟೇ ಎನ್ನುವುದೇ ನಮ್ಮ ಮನೆಯನ್ನು ಹಾಳು ಮಾಡಿತು.

ಯೋಜನೆ ಸಿದ್ಧವಾದ ಮೇಲೆ ಅದನ್ನು ಆಡಿ ತೋರಿಸಬೇಕಲ್ಲ, ಅದಕ್ಕೆ ಅಣಕು ಕಾರ್ಯಾಚರಣೆ. ಒಂದು ಖಾಸಗಿ ಆಸ್ಪತ್ರೆಯನ್ನು ಆರಿಸಿಕೊಂಡರು. ಹೊರರೋಗಿಗಳು ಕಾಯುವ ಹಾಲಿನಲ್ಲಿ ಬೆಂಚಿನ ಕೆಳಗೆ ಒಂದು ಸುಳ್ಳು ಬಾಂಬ್ ಇಡುವುದು, ಅದನ್ನು ಬಾಂಬ್ ಪತ್ತೆ ದಳದವರು ಬಂದು ಹುಡುಕುವುದು, ಹೊರಗೆ ಮರಳಿನ ಚೀಲಗಳ ನಡುವೆ ಇಟ್ಟು ಸಿಡಿಸುವುದು, ಪತ್ರಿಕೆಯವರು ಫೋಟೋ ತೆಗೆಯುವುದು. ಬುಧವಾರ ಎಂದು ಗೊತ್ತಾಯಿತು.

ಮಂಗಳವಾರ ಬೆಳಿಗ್ಗೆ ಪೂಜೆಗೆ ಕೂತಿದ್ದ ಮಾವ ಹಾಗೇ ಪಕ್ಕಕ್ಕೆ ವಾಲಿದರು. ಬಾಯಿ ಸೊಟ್ಟಗಾಯಿತು, ಮಾತು ನಿಂತಿತು, ಬಲಗೈ ಬಿದ್ದುಹೋಯಿತು. ಎಡಗೈ ಮಾತ್ರ ಆಡುತ್ತಿತ್ತು. ಎಲ್ಲಿಗೆ ಸೇರಿಸುವುದು ಎಂದು ನಾನು ಗಾಬರಿಯಾಗಿ ಕೇಳಿದರೆ ಇವರು ಅದೇ ಆಸ್ಪತ್ರೆಯ ಹೆಸರು ಹೇಳಿದರು. "ನಾಳೆ ಹೆಂಗೂ ನಾನು ಅಲ್ಲೇ ಇರ್ತೀನಿ ಅನು. ಡ್ಯೂಟಿನೂ ಆಗುತ್ತೆ, ಅಪ್ಪನ್ನೂ ನೋಡ್ಕೊಂಡಂಗಾಗುತ್ತೆ" ಎಂದರು. ರಜೆ ಹಾಕಿ ಎಂದೆ. ಯೋಜನೆ ಬರೆದವನೇ ರಜೆ ಹಾಕಿದರೆ ಸಾಹೇಬರು ಏನಂದುಕೊಳ್ಳುತ್ತಾರೆ ಎಂದರು. ಹೆತ್ತ ತಂದೆ ಏನಂದುಕೊಳ್ಳುತ್ತಾರೆ ಎಂದು ನಾನು ಕೇಳಬೇಕಿತ್ತು, ಆಂಬುಲೆನ್ಸ್ ಬಂದುಬಿಟ್ಟಿತು.

ಬುಧವಾರ ಬೆಳಿಗ್ಗೆ ಇವರು ಹೊರಡುವಾಗ ನನ್ನ ಹತ್ತಿರ ಒಂದು ಹಳೇ ಸ್ಟೀಲ್ ಡಬ್ಬಿ ಕೇಳಿದರು. ಕಚೇರಿಯಿಂದ ಬಾಂಬಿಗೆ ಡಬ್ಬಿ ಕೂಡ ಕೊಡುವುದಿಲ್ಲವೇ ಎಂದು ಬೈದುಕೊಂಡೇ ಕೊಟ್ಟೆ. ನಮ್ಮ ಮನೆಯಲ್ಲಿ ಒಂದೇ ಅಳತೆಯ ಎರಡು ಡಬ್ಬಿ ಇದ್ದವು. ಅತ್ತೆಯ ಮದುವೆಗೆ ಬಂದವು. ಪಾತ್ರೆ ಅಂಗಡಿಯಲ್ಲಿ ಕೊರೆಸಿದ ಅವರ ಹೆಸರು ಎರಡರ ಮುಚ್ಚಳದ ಮೇಲೂ ಇತ್ತು. ಒಂದರಲ್ಲಿ ಇವರು ಕೆಟ್ಟುಹೋದ ಅಲಾರಾಂ ಗಡಿಯಾರ ಇಟ್ಟುಕೊಂಡರು. ಇನ್ನೊಂದರಲ್ಲಿ ನಾನು ಆಸ್ಪತ್ರೆಯಲ್ಲಿದ್ದ ಅತ್ತೆಗೆ ಉಪ್ಪಿಟ್ಟು ತುಂಬಿಕೊಟ್ಟೆ. ಎರಡನ್ನೂ ಸ್ಕೂಟರಿಗೆ ನೇತುಹಾಕಿಕೊಂಡು ಹೋದರು. ನಾನು ಗುಬ್ಬಿಯಲ್ಲಿ ಒಂದು ಸಹಕಾರ ಸಂಘದ ಕೌಂಟರಿನಲ್ಲಿ ಕೂರುವವಳು, ಬಸ್ ಹಿಡಿದು ಕೆಲಸಕ್ಕೆ ಹೋದೆ. ಆ ದಿನ ಆಸ್ಪತ್ರೆಯಲ್ಲಿ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ. ಸ್ಕ್ಯಾನಿಂಗ್ ಮಾಡುವ ಮೋಹನ್‌ಕುಮಾರ್, ವಾಚ್‌ಮನ್ ತಿಮ್ಮೇಶ್, ಆಮೇಲೆ ನನ್ನ ಗಂಡ, ಇವರೆಲ್ಲ ಬಿಡಿಬಿಡಿಯಾಗಿ ಹೇಳಿದ್ದನ್ನು ಜೋಡಿಸಿಕೊಂಡಿದ್ದೇನೆ.

ಮಾವನ ತಲೆಯ ಸ್ಕ್ಯಾನ್ ಮಾಡಬೇಕಿತ್ತು. ಆ ಯಂತ್ರದ ಹತ್ತಿರ ಲೋಹ ಹೋಗುವ ಹಾಗಿಲ್ಲವಂತೆ. ಮೋಹನ್‌ಕುಮಾರ್ ಒಳ್ಳೆಯ ಮಾತಿನಲ್ಲೇ, ಕರಡಿಗೆ ತೆಗೀಬೇಕಮ್ಮ ಎಂದ. ಅತ್ತೆ ಒಪ್ಪಲಿಲ್ಲ. ಬೆಳ್ಳಿ ತೆಗೆದು ಬರೀ ಲಿಂಗವನ್ನು ಬಟ್ಟೆಯಲ್ಲಿ ಸುತ್ತಿ ತೋಳಿಗೆ ಕಟ್ಟುತ್ತೇನೆ ಎಂದರು. ಲಿಂಗದ ಮೇಲೆ ಮೆತ್ತಿರುವ ಕರೀ ಕಂತಿಯ ಒಳಗೆ ಏನಿದೆಯೋ ನನಗೆ ಗೊತ್ತಿಲ್ಲ, ಹೆಚ್ಚು ಕಮ್ಮಿ ಆದ್ರೆ ನನ್ನ ಮೇಲೆ ಬರುತ್ತೆ ಎಂದು ಅವನೂ ಪಟ್ಟು ಹಿಡಿದ. ಡಾಕ್ಟರು ಬಂದು ಹೊತ್ತಾದರೆ ಜೀವಕ್ಕೇ ತೊಂದರೆ ಎಂದ ಮೇಲೆ ಅತ್ತೆ ಕೈಮುಗಿದು ಮಾವನ ಕೊರಳಿನಿಂದ ಕರಡಿಗೆ ಕಟ್ಟಿದ್ದ ಶಿವದಾರವನ್ನು ಬಿಡಿಸಿಕೊಂಡರು. ಮಾವ ಎಡಗೈಯಿಂದ ಅದನ್ನು ಬಿಗಿಯಾಗಿ ಹಿಡಿದುಕೊಂಡಿದ್ದರಂತೆ. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. "ಈಗ ಕೊಡ್ತೀನಿ, ಒಂದ್ ಗಳಿಗೆ, ನನ್ನ ಮೇಲೆ ನಂಬಿಕೆ ಇಲ್ವಾ?" ಎಂದು ಅತ್ತೆ ಕೇಳಿದ ಮೇಲೆ ಬಿಟ್ಟರಂತೆ.

ಉಪ್ಪಿಟ್ಟಿನ ಡಬ್ಬಿಯನ್ನು ಅತ್ತೆ ಆಗಲೇ ತೊಳೆದಿಟ್ಟಿದ್ದರು. ಅದಕ್ಕೆ ಒಳಗೆಲ್ಲ ವಿಭೂತಿ ಸವರಿ, ಕರಡಿಗೆಯನ್ನು ಬಟ್ಟೆಯಲ್ಲಿ ಸುತ್ತಿ ಇಟ್ಟು ಮುಚ್ಚಿದರು. ದಾರದ ತುದಿ ಮುಚ್ಚಳದಿಂದ ಹೊರಗೆ ಇಳಿಬಿದ್ದಿತ್ತು. ಡಬ್ಬಿಯನ್ನು ಕೈಯಲ್ಲೇ ಹಿಡಿದು ಕೂರಬಹುದಿತ್ತು. ಆದರೆ ಅಷ್ಟರಲ್ಲಿ ಮಾವನಿಗೆ ವಾಂತಿಯಾಯಿತು, ಪಂಚೆಯೆಲ್ಲ ಒದ್ದೆಯಾಯಿತು. ಅದನ್ನು ಬದಲಿಸಿ ಬಚ್ಚಲಿಗೆ ಒಯ್ದು ಒಗೆಯಬೇಕು. ಆ ಕೈಯಲ್ಲಿ ಲಿಂಗದ ಡಬ್ಬಿ ಮುಟ್ಟುವುದುಂಟೇ? ಜನ ಕೂರುವ ಕುರ್ಚಿಯ ಮೇಲೆ ಇಡುವುದುಂಟೇ, ಚಪ್ಪಲಿ ಓಡಾಡುವ ನೆಲದ ಮೇಲೆ ಇಡುವುದುಂಟೇ? ಹಾಲಿನ ಗೋಡೆಯಲ್ಲಿ ಆಸ್ಪತ್ರೆಯವರದೇ ಒಂದು ದೇವರ ಗೂಡಿತ್ತು, ಶಿವನ ಪಟ, ಒಂದು ದೀಪ. ಇಡೀ ಆಸ್ಪತ್ರೆಯಲ್ಲಿ ಅತ್ತೆಗೆ ಮಡಿ ಎನಿಸಿದ ಜಾಗ ಅದೊಂದೇ. ಅಲ್ಲಿಟ್ಟು, ಮೇಲೊಂದು ಕಣಗಿಲೆ ಹೂವಿಟ್ಟು, ಪಂಚೆ ಒಗೆಯಲು ಹೋದರು. ನಮ್ಮ ಜನ ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು.

ಒಗೆದು ಬಂದು ಸ್ಕ್ಯಾನಿಂಗ್ ಕೋಣೆಯ ಮುಂದಿನ ಓಣಿಯಲ್ಲಿ ಕಿಟಕಿಗೆ ಪಂಚೆ ಹರವುತ್ತಿದ್ದಾಗ ಸೈರನ್ ಆಯಿತು. ನಡೆಯಬಲ್ಲ ರೋಗಿಗಳನ್ನೆಲ್ಲ ಹೊರಗೆ ಕಳಿಸಿದರು. ಅಲುಗಿಸಲಾಗದ ರೋಗಿಗಳಿದ್ದಲ್ಲಿ ಬಾಗಿಲು ಹಾಕಿಕೊಳ್ಳಬೇಕು ಎಂದು ಯೋಜನೆಯಲ್ಲಿತ್ತು, ಹಾಕಿಕೊಂಡರು. ಮಾವ ಯಂತ್ರದ ಒಳಗೆ, ಅತ್ತೆ ಓಣಿಯಲ್ಲಿ. ಹಾಲಿಗೂ ಅವರಿಗೂ ನಡುವೆ ಒಂದು ಹಲಗೆಯ ಬಾಗಿಲು. ನಿಜವಾದ ಬಾಂಬ್ ಆಗಿದ್ದರೆ ಮೊದಲು ಸಾಯುತ್ತಿದ್ದವರು ಅವರೇ. ಆ ಸಾಲನ್ನು ಬರೆದವರು ಅವರ ಮಗ.

ದಳದವರ ನಾಯಿ ಬಂದಿರಲಿಲ್ಲ. ಯಾರೋ ದೊಡ್ಡವರು ಊರಿಗೆ ಬರುತ್ತಾರೆಂದು ಅದನ್ನು ಬಂದೋಬಸ್ತಿಗೆ ಕಳಿಸಿದ್ದರಂತೆ. ಇವರು ಇಟ್ಟಿದ್ದ ಗಡಿಯಾರದ ಡಬ್ಬಿಯನ್ನು ನೆಲ ಒರೆಸುವವಳ ಮಾಪು ಗೋಡೆಯವರೆಗೂ ತಳ್ಳಿಬಿಟ್ಟಿತ್ತು. ಕೋಲಿನ ತುದಿಯ ಕನ್ನಡಿ ಹಿಡಿದು ಬೆಂಚಿನ ಕೆಳಗೆಲ್ಲ ಆಡಿಸಿದರು, ಕಾಣಲಿಲ್ಲ. ಹೊರಗೆ ಶಾಮಿಯಾನದಲ್ಲಿ ಸಾಹೇಬರು ಕೂತಿದ್ದಾರೆ, ಪತ್ರಿಕೆಯವರು ಬಿಸಿಲಲ್ಲಿ ನಿಂತಿದ್ದಾರೆ. ಆಗ ಒಬ್ಬ ತಲೆಯೆತ್ತಿ ನೋಡಿದ. ದೇವರ ಗೂಡಿನಲ್ಲಿ ಸ್ಟೀಲ್ ಡಬ್ಬಿ, ಅದರಿಂದ ಇಳಿಬಿದ್ದ ಬಿಳೀ ದಾರ. ವೈರ್ ಎಂದ. ಅಲ್ಲಿದ್ದವರಲ್ಲಿ ಅರ್ಧಕ್ಕರ್ಧ ಜನರ ಅಂಗಿಯ ಒಳಗೆ ಅದೇ ದಾರ ಇತ್ತು ಎಂದು ತಿಮ್ಮೇಶ್ ಹೇಳುತ್ತಾನೆ. ಒಬ್ಬರಿಗೂ ಅದು ಏನೆಂದು ಹೊಳೆಯಲಿಲ್ಲ. ಸಿಕ್ಕಿತಲ್ಲ ಸದ್ಯ ಎಂದು ಎಲ್ಲರೂ ಉಸಿರು ಬಿಟ್ಟರು. ತೆರೆದು ನೋಡುವುದು ನಿಯಮದಲ್ಲಿರಲಿಲ್ಲ. ಉದ್ದನೆಯ ಕೋಲಿನಿಂದ ಡಬ್ಬಿಯನ್ನು ಎತ್ತಿಕೊಂಡು ಹೋದರು, ಮರಳಿನ ಚೀಲಗಳ ನಡುವೆ ಇಟ್ಟರು, ಸಿಡಿಸಿದರು.

ಸ್ಕ್ಯಾನ್ ಮುಗಿದು ಬಾಗಿಲು ತೆಗೆದ ಮೇಲೆ ಅತ್ತೆ ಗೂಡಿನ ಹತ್ತಿರ ಹೋದರೆ ಕಣಗಿಲೆ ಹೂವು ನೆಲದ ಮೇಲೆ ಬಿದ್ದಿತ್ತು, ಡಬ್ಬಿ ಇರಲಿಲ್ಲ. ಕೌಂಟರಿನ ಹುಡುಗಿ, ಸೆಕ್ಯೂರಿಟಿಯವರು ತೆಗೆದಿಟ್ಟಿರಬಹುದು ಅಜ್ಜಿ ಎಂದಳು. ಅತ್ತೆ ಮಗನನ್ನು ಹುಡುಕಿಕೊಂಡು ಹೋಗಿ ಕೇಳಿದರು. ಇವರಿಗೆ ಆಗಿನ್ನೂ ಏನೂ ಗೊತ್ತಿಲ್ಲ, ಪತ್ರಿಕೆಯವರಿಗೆ ಕಾಫಿ ಕೊಡಿಸುವ ಗಡಿಬಿಡಿ. ಸಂಜೆ ಹುಡುಕಿಕೊಡ್ತೀನಿ ಅಮ್ಮ ಎಂದರು.

ಸಂಜೆ ನಾನು ಗುಬ್ಬಿಯಿಂದ ನೇರ ಆಸ್ಪತ್ರೆಗೆ ಹೋದೆ. ಮಾವನ ಎಡಗೈ ಎದೆಯ ಮೇಲೆ ಹುಡುಕುತ್ತಿತ್ತು. ಕುತ್ತಿಗೆಯಿಂದ ಹೊಟ್ಟೆಯವರೆಗೆ ಬರುವುದು, ಅಂಗಿಯನ್ನು ಎಳೆದು ನೋಡುವುದು, ಮತ್ತೆ ಕುತ್ತಿಗೆಗೆ ಹೋಗುವುದು. ಕಣ್ಣು ಅತ್ತೆಯ ಮೇಲೆ. ಅತ್ತೆ ಆ ಕೈಯನ್ನು ಹಿಡಿದುಕೊಂಡು, ಉದಿ ತರ್ತಾನೆ, ಉದಿ ತರ್ತಾನೆ ಎನ್ನುತ್ತಿದ್ದರು. ಊಟ ಮಾಡಿ ಎಂದರೆ ಅವರು ಮಾಡದೆ ನಾನು ಹೆಂಗೆ ಮಾಡ್ಲಿ ಎಂದರು. ಲಿಂಗವಿಲ್ಲದ ಮಾವನಿಗೆ ಒಂದು ಚಮಚ ನೀರು ಹಾಕಲೂ ಅವರು ನರ್ಸನ್ನು ಬಿಟ್ಟಿರಲಿಲ್ಲ.

ಮನೆಗೆ ಬಂದು ಅಡುಗೆಮನೆಯ ದೀಪ ಹಾಕಿದರೆ ಸಿಂಕಿನಲ್ಲಿ ಒಂದು ಸ್ಟೀಲ್ ಡಬ್ಬಿ. ಮುಚ್ಚಳ ತೆಗೆದೆ. ಕೆಟ್ಟುಹೋದ ಅಲಾರಾಂ ಗಡಿಯಾರ. ಸಿಡಿಸಿದ ಬಾಂಬ್ ನಮ್ಮ ಮನೆಯ ಸಿಂಕಿಗೆ ಹೇಗೆ ಬಂತು? ಇವರು ಕತ್ತಲಲ್ಲೇ ಸೋಫಾದ ಮೇಲೆ ಕೂತಿದ್ದರು. ಡಬ್ಬಿಯನ್ನು ಅವರ ಮುಂದೆ ಇಟ್ಟೆ. ನಾನು ಒಂದು ಮಾತೂ ಕೇಳಬೇಕಾಗಲಿಲ್ಲ, ಎಲ್ಲವನ್ನೂ ಹೇಳಿದರು. ಎಲ್ಲರೂ ಹೋದ ಮೇಲೆ ಬೆಂಚಿನ ಕೆಳಗೆ ತಮ್ಮ ಡಬ್ಬಿ ಹಾಗೇ ಇದ್ದದ್ದನ್ನು ಕಂಡರಂತೆ. ಓಡಿಹೋಗಿ ಮರಳಿನಲ್ಲಿ ಕೈಯಾಡಿಸಿದರಂತೆ. ಬೆಳ್ಳಿಯ ಚೂರು ಒಂದೆರಡು ಸಿಕ್ಕವು, ಲಿಂಗದ ಒಂದು ಕಣವೂ ಸಿಗಲಿಲ್ಲ. ಸಾಹೇಬರ ಹತ್ತಿರ ಹೋಗಿ ಸಿಡಿಸಿದ್ದು ಬೇರೆ ಡಬ್ಬಿ ಎಂದು ಹೇಳಿದರಂತೆ. ಸಾಹೇಬರು, ಯಶಸ್ವಿ ಅಂತ ಮೇಲಕ್ಕೆ ಹೋಗಿಬಿಟ್ಟಿದೆಯಲ್ಲ ಉದಯಕುಮಾರ್, ಡಬ್ಬಿ ಡಬ್ಬಿನೇ, ಹುಡುಕಿದ್ವಿ ಸಿಡಿಸಿದ್ವಿ, ನಿಮ್ಮ ತಂದೆಯವರಿಗೆ ಹೊಸದೊಂದು ತಗೊಂಡುಕೊಡಿ ಎಂದರಂತೆ. ಆ ಸಾಹೇಬರೂ ಲಿಂಗವಂತರೇ.

ಬಾಂಬ್ ಎಂದು ಇಟ್ಟದ್ದರ ಮೇಲೆ ಸಂಜೆಯವರೆಗೂ ಬಸುರಿಯರು, ಮುದುಕರು ಕೂತೆದ್ದು ಹೋಗಿದ್ದಾರೆ, ಇದನ್ನು ಯಶಸ್ವಿ ಅಂತೀರಾ, ನಾಳೆ ನಿಜವಾಗಿ ಯಾರಾದರೂ ಇಟ್ಟರೆ ಯಾರ ಮನೆಯ ದೇವರನ್ನು ಸಿಡಿಸಿ ಬರ್ತೀರಿ ಎಂದು ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ತಲೆ ಎತ್ತಲಿಲ್ಲ. ಹೋಗಿ ನಿಮ್ಮಮ್ಮನಿಗೆ ಹೇಳಿ ಎಂದೆ. "ಅಪ್ಪ ಈ ಸ್ಥಿತೀಲಿರುವಾಗ ಹೆಂಗೆ ಹೇಳ್ಲಿ ಅನು? ಕೇಳಿಸ್ಕೊಂಡ್ರೆ ಅಲ್ಲೇ ಹೋಗ್ಬಿಡ್ತಾರೆ" ಎಂದರು. ಮಾವನಿಗೆ ಎಲ್ಲವೂ ಕೇಳಿಸುತ್ತದೆ ಎಂದು ಡಾಕ್ಟರು ಹೇಳಿದ್ದರು.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋಗಿ ಇವರು ತಾಯಿಗೆ ಹೇಳಿದ್ದೇ ಬೇರೆ. ಡಬ್ಬಿ ಸಿಕ್ಕಿದೆ, ಆಸ್ಪತ್ರೆಯ ಲಾಕರಿನಲ್ಲಿ ಭದ್ರವಾಗಿದೆ, ಡಿಸ್ಚಾರ್ಜ್ ಆಗುವಾಗ ಕೊಡುತ್ತಾರೆ ಎಂದರು. ಅತ್ತೆಯ ಮುಖ ಅರಳಿತು. ಸರ್ಕಾರಿ ನೌಕರಿಯಲ್ಲಿರುವ ಮಗ ಭದ್ರವಾಗಿದೆ ಎಂದ ಮೇಲೆ ಭದ್ರವಾಗಿಯೇ ಇರುತ್ತದೆ. ಮಾವನ ಕಿವಿಯ ಹತ್ತಿರ ಬಾಗಿ, "ಸಿಕ್ತಂತೆ ಕಣ್ರೀ, ಉದಿ ಹುಡುಕ್ದ" ಎಂದರು. ಪಕ್ಕದ ಮಂಚದವರು ಅಷ್ಟರಲ್ಲಿ ಅವತ್ತಿನ ಪತ್ರಿಕೆ ತಂದುಕೊಟ್ಟರು. ಅಣಕು ಕಾರ್ಯಾಚರಣೆ ಯಶಸ್ವಿ ಎಂದು ದೊಡ್ಡ ಅಕ್ಷರದಲ್ಲಿತ್ತು. ಎರಡು ಫೋಟೋ ಇದ್ದವು. ಒಂದರಲ್ಲಿ ಸಾಹೇಬರ ಹಿಂದೆ ಇವರ ಅರ್ಧ ಮುಖ. ಇನ್ನೊಂದರಲ್ಲಿ ಮರಳಿನ ಚೀಲಗಳ ನಡುವೆ ಡಬ್ಬಿ, ಬಿಳೀ ದಾರದ ಸಮೇತ. ಅತ್ತೆಗೆ ಕನ್ನಡಕವಿಲ್ಲದೆ ಸಣ್ಣದೇನೂ ಕಾಣಿಸುವುದಿಲ್ಲ. ಮಗನ ಮುಖವನ್ನು ಹೇಗೋ ಗುರುತು ಹಿಡಿದು, ಆ ಹಾಳೆಯನ್ನು ಮಾವನ ಕಣ್ಣಿನ ಮುಂದೆ ಅಗಲವಾಗಿ ಬಿಡಿಸಿ ಹಿಡಿದು, ನೋಡಿ ನಿಮ್ಮ ಮಗ ಪೇಪರಲ್ಲಿ ಬಂದವ್ನೆ ಎಂದರು. ಮಾವ ಎಷ್ಟೋ ಹೊತ್ತು ನೋಡಿದರು. ಅವರಿಗೆ ಯಾವ ಫೋಟೋ ಕಾಣಿಸಿತೋ ನನಗೆ ತಿಳಿಯದು. ಎಡಗೈ ಮಾತ್ರ ಎದೆಯ ಮೇಲೆ ಹುಡುಕುವುದನ್ನು ನಿಲ್ಲಿಸಿತು. ನಾನು ಹೊರಗೆ ಹೋಗಿ ಗೋಡೆಗೆ ಮುಖ ಕೊಟ್ಟು ಅತ್ತುಬಿಟ್ಟೆ.

ಅವತ್ತು ಸಂಜೆ ಮಾವ ಹೋದರು. ಕಣ್ಣೀರು ಒರೆಸಿಕೊಳ್ಳುವುದಕ್ಕೂ ಮುಂಚೆ ಅತ್ತೆ ಕೇಳಿದ್ದು ಡಬ್ಬಿಯನ್ನೇ. ಲಾಕರ್ ತೆಗೆಸಿ ತಗೊಂಡು ಬಾ, ಅವರ ಕೈಗೆ ಕೊಡಬೇಕು ಎಂದರು. ಇವರು ಹೂಂ ಎಂದರು. ನಾನು ಇವರನ್ನು ಮೆಟ್ಟಿಲಿನ ಹತ್ತಿರ ಎಳೆದುಕೊಂಡು ಹೋಗಿ, ಇನ್ನು ಕೇಳಿಸಿಕೊಳ್ಳಲು ಮಾವ ಇಲ್ಲ, ಮಣ್ಣು ಮಾಡುವುದಕ್ಕೆ ಮುಂಚೆ ಅತ್ತೆಗೆ ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದೆ. ನಾನೇ ಹೇಳ್ತೀನಿ, ಗುಬ್ಬಿಗೆ ಹೋದ ತಕ್ಷಣ ಹೇಳ್ತೀನಿ ಎಂದು ಮಾತು ಕೊಟ್ಟರು. ಮರುದಿನ ಬೆಳಿಗ್ಗೆ ವಿಭೂತಿ, ಹೂವು ತರುತ್ತೇನೆಂದು ಪೇಟೆಗೆ ಹೋದವರು ತಡವಾಗಿ ಬಂದರು. ಏನು ತಂದರೆಂದು ಆ ಗಲಾಟೆಯಲ್ಲಿ ನಾನು ನೋಡಲಿಲ್ಲ.

ಗುಬ್ಬಿಯಲ್ಲಿ ನಮ್ಮವರ ರುದ್ರಭೂಮಿ. ಗಿರಣಿಗೆ ಬರುತ್ತಿದ್ದ ಹಳ್ಳಿಗಳ ಜನವೆಲ್ಲ ಬಂದಿದ್ದರು. ಗುಂಡಿಯಲ್ಲಿ ಮಾವನನ್ನು ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಎಡಗೈಯನ್ನು ತೊಡೆಯ ಮೇಲೆ ಬಿಡಿಸಿಟ್ಟರು. ಶಾಸ್ತ್ರ ಮಾಡಿಸಲು ಬಂದಿದ್ದ ಅಯ್ಯನವರು ಲಿಂಗ ಕೊಡಿ ಎಂದರು. ಇವರು ಜೇಬಿನಿಂದ ಬಿಳೀ ಬಟ್ಟೆಯ ಗಂಟೊಂದನ್ನು ತೆಗೆದರು. ಸಾಹೇಬರು ಹೇಳಿದ್ದನ್ನೇ ಇವರು ಮಾಡಿದ್ದರು. ಹೊಸ ಲಿಂಗ ತಂದು, ಹಳೇ ಬಟ್ಟೆಯಲ್ಲಿ ಸುತ್ತಿ, ವಿಭೂತಿ ಸವರಿ, ತಂದೆಯದೇ ಎಂದು ಕೊಡಲು ನಿಂತಿದ್ದರು.

ಅತ್ತೆ ಕೈ ಚಾಚಿ, ನನಗೆ ಕೊಡು, ನಾನೇ ಇಡ್ತೀನಿ ಎಂದರು. ಇವರು ಕೊಡದೆ ವಿಧಿಯಿರಲಿಲ್ಲ. ಅತ್ತೆ ಬಟ್ಟೆ ಬಿಚ್ಚಿ ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡರು. ಹಾಗೇ ನಿಂತರು. ಮೂಗಿನ ಹತ್ತಿರ ತಂದರು. ಹೆಬ್ಬೆರಳಿನಿಂದ ಒಂದು ಸಲ ಸವರಿದರು.

"ಉದಿ, ಇದಕ್ಕಿನ್ನೂ ಅಂಗಡಿ ವಾಸನೆ ಹೋಗಿಲ್ಲ" ಎಂದರು. "ನಿಮ್ಮಪ್ಪಂದು ಎಲ್ಲಿ?"

ಇವರು ಗುಂಡಿಯ ಅಂಚಿನಲ್ಲೇ ಕುಸಿದು ಕೂತರು. ಅಷ್ಟು ಜನರ ಮುಂದೆ ಅಳುತ್ತಾ ಹೇಳಿದರು. "ಅವತ್ತು ಸಿಡಿಸಿದ್ರಲ್ಲ ಅಮ್ಮ, ಅದು ಅಪ್ಪಂದೇ."

ಜನ ಗುಸುಗುಸು ಎಂದರು. ಅತ್ತೆ ಹೊಸ ಲಿಂಗವನ್ನು ಮಗನ ಕೈಗೆ ವಾಪಸ್ಸು ಕೊಟ್ಟು, ತಮ್ಮ ಕೊರಳಿನ ಶಿವದಾರವನ್ನು ತೆಗೆದರು. ಅಯ್ಯನವರು ಗಾಬರಿಯಿಂದ, ಜೀವ ಇರೋರು ಲಿಂಗ ಬಿಚ್ಚಬಾರದು ತಾಯಿ, ಒಬ್ಬರದು ಒಬ್ಬರಿಗೆ ಬರಲ್ಲ ಎಂದು ತಡೆದರು. "ಅವರು ಮೂರು ದಿನದಿಂದ ಕೇಳ್ತವ್ರೆ ಅಯ್ಯನೋರೆ. ನಾನು ಒಂದ್ ಗಳಿಗೆ ಅಂತ ಹೇಳಿ ಬಿಡಿಸ್ಕೊಂಡಿದ್ದೆ" ಎಂದರು ಅತ್ತೆ. ಅಯ್ಯನವರು ಪಕ್ಕಕ್ಕೆ ಸರಿದರು. ಅತ್ತೆ ಗುಂಡಿಗೆ ಬಾಗಿ ತಮ್ಮ ಲಿಂಗವನ್ನು ಮಾವನ ಅಂಗೈಯಲ್ಲಿಟ್ಟು, ಬೆರಳುಗಳನ್ನು ಒಂದೊಂದಾಗಿ ಅದರ ಮೇಲೆ ಮಡಚಿದರು.

ಮೇಲೆದ್ದಾಗ ಇವರು ಆ ಹೊಸ ಲಿಂಗವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ತಾಯಿಯ ಮುಂದೆ ನಿಂತಿದ್ದರು. ನೀನಾದ್ರೂ ಇದನ್ನ ಹಾಕ್ಕೊ ಅಮ್ಮ, ಬರೀ ಕೊರಳಲ್ಲಿ ಇರಬೇಡ ಎಂದು ಬೇಡಿಕೊಂಡರು. ಅತ್ತೆ ತಮ್ಮ ಎರಡೂ ಅಂಗೈಗಳನ್ನು ಮಗನ ಮುಂದೆ ಬಿಡಿಸಿ ಹಿಡಿದರು. ಮಣ್ಣಾಗಿದ್ದವು.

"ಅವತ್ತು ನಾನು ಕಿಟಕೀಲಿ ನಿಂತು ನೋಡ್ತಿದ್ದೆ ಕಣೋ. ಹೊಗೆ ಬಂತು. ಎಲ್ರೂ ಚಪ್ಪಾಳೆ ಹೊಡೆದ್ರು, ನಿಮ್ ಸಾಹೇಬ್ರು ನಿನ್ ಬೆನ್ನು ತಟ್ಟಿದ್ರು. ನನ್ ಮಗ ಅಂತ ನಾನೂ ಹೊಡೆದೆ. ಒಳಗೆ ಮಲಗಿದ್ದೋರ್ಗೂ ಕೇಳ್ಲಿ ಅಂತ ಜೋರಾಗಿ ಹೊಡೆದೆ. ಆ ಕೈ ಕಣೋ ಇದು. ಇದರ ಮೇಲೆ ಯಾವ ಲಿಂಗ ಇಡ್ತೀಯ?"

ಅತ್ತೆ ಅಯ್ಯನವರ ಕಡೆ ತಿರುಗಿ, ಮಣ್ಣು ಹಾಕಿ ಎಂದರು.